ನ್ಯೂರೆಂಬರ್ಗ್ ಕ್ರಿಸ್‌ಮಸ್ ಸಂತೆಗೆ ಒಂದು ದಿನ: ಹಂತ ಹಂತವಾಗಿ

ಓದಲಿಕ್ಕೋ ಕೆಲಸಕ್ಕೋ ಮ್ಯೂನಿಕ್‌ಗೆ ಬಂದಿದ್ದೀರಿ, ಇದು ನಿಮ್ಮ ಮೊದಲ ಚಳಿಗಾಲ. ಅಥವಾ ಮಗಳ ಮನೆಗೆಂದು ಊರಿಂದ ಬಂದು ಡಿಸೆಂಬರ್ ಪೂರ್ತಿ ಹೀಟರ್ ಪಕ್ಕದಲ್ಲೇ ಕೂತಿದ್ದೀರಿ. ಎದ್ದೇಳಿ, ಒಂದು ದಿನ ನ್ಯೂರೆಂಬರ್ಗ್‌ಗೆ ಹೋಗಿಬನ್ನಿ. ಅಲ್ಲಿನ ಕ್ರಿಸ್‌ಮಸ್ ಸಂತೆಗೆ, ಅಂದರೆ ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್‌ಗೆ, 1628ರಷ್ಟು ಹಿಂದಿನ ಪುರಾವೆ ಇದೆ. ಜರ್ಮನ್ ಬರುವುದಿಲ್ಲವೇ? ಭಯಪಡಬೇಡಿ. ಬೇಕಾದ್ದನ್ನು ಬೆರಳಲ್ಲಿ ತೋರಿಸಿ 'ಬಿಟ್ಟೆ' (ದಯವಿಟ್ಟು) ಎಂದರೆ ಕೆಲಸ ನಡೆಯುತ್ತದೆ.

1. ದಿನ ಗೊತ್ತುಮಾಡಿ. ಮೊದಲ ಅಡ್ವೆಂಟ್ ಭಾನುವಾರಕ್ಕೆ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು) ಮುಂಚಿನ ಶುಕ್ರವಾರ ಸಂತೆ ಶುರು, ಡಿಸೆಂಬರ್ 24ರ ಮಧ್ಯಾಹ್ನಕ್ಕೆ ಮುಗಿಯಿತು. ಹೊಸಬರು ಎಡವುವುದು ಇಲ್ಲೇ: ಕ್ರಿಸ್‌ಮಸ್ ರಜೆ ಸಿಕ್ಕಿತೆಂದು 25ಕ್ಕೆ ಹೋದರೆ ಸಂತೆ ಇರುವುದಿಲ್ಲ. ಸೋಮವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿ. ಶನಿವಾರವಂತೂ ಬೇಡವೇ ಬೇಡ. ನೀವು ನಡೆಯುವುದಿಲ್ಲ, ಜನ ತಳ್ಳಿದ ಕಡೆ ಹೋಗುತ್ತೀರಿ.

2. ಟಿಕೆಟ್ ಕೊಳ್ಳಿ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದವರಿಗೆ ಬೇರೆ ಟಿಕೆಟ್ ಬೇಕಿಲ್ಲ. ಉಳಿದವರು ಬಾಯರ್ನ್ ಟಿಕೆಟ್ ತೆಗೆದುಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ 5 ಜನರವರೆಗೆ ಹೋಗಬಹುದು. ಅದರ ಮೇಲೆ ಹೆಸರು ಬರೆಯಲೇಬೇಕು, ಪಾಸ್‌ಪೋರ್ಟ್ ಅಥವಾ ಬೇರೆ ಗುರುತಿನ ಚೀಟಿ ಜೊತೆಗಿರಲಿ. ಎರಡು ಎಚ್ಚರಿಕೆ: ವಾರದ ದಿನಗಳಲ್ಲಿ ಇದು ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ. ಐಸಿಇ ಎಂಬ ವೇಗದ ರೈಲಿಗೆ ಈ ಎರಡೂ ಟಿಕೆಟ್ ನಡೆಯುವುದಿಲ್ಲ.

3. ಕಾಲಿನಿಂದ ಮೇಲಕ್ಕೆ ಬಟ್ಟೆ ಹಾಕಿಕೊಳ್ಳಿ. ಎಲ್ಲರೂ ಜಾಕೆಟ್ ಬಗ್ಗೆ ಯೋಚಿಸುತ್ತಾರೆ, ಚಳಿ ಹತ್ತುವುದು ಪಾದದಿಂದ. ಕಲ್ಲು ಹಾಸಿನ ಮೇಲೆ ಗಂಟೆಗಟ್ಟಲೆ ನಿಲ್ಲಬೇಕು. ದಪ್ಪ ಅಟ್ಟೆಯ ಶೂ, ಉಣ್ಣೆಯ ಸಾಕ್ಸ್ ಇರಲಿ.

4. ಜೇಬಿಗೆ ಚಿಲ್ಲರೆ ಹಾಕಿ. ಕೆಲವು ಅಂಗಡಿಗಳಲ್ಲಿ ಕಾರ್ಡ್ ನಡೆಯದು, ಶೌಚಾಲಯಕ್ಕೂ ನಾಣ್ಯ ಬೇಕಾಗುತ್ತದೆ.

5. ರೈಲು ಹತ್ತಿ. ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಐಸಿಇ ಬಿಟ್ಟು ಸ್ಥಳೀಯ ರೈಲುಗಳನ್ನಷ್ಟೇ ತೋರಿಸುವ ಆಯ್ಕೆ ಒತ್ತಿ, ಹನ್ನೆರಡಕ್ಕೆ ಮೊದಲು ತಲುಪುವ ರೈಲು ಹುಡುಕಿ. ನೇರ ರೀಜನಲ್ ಎಕ್ಸ್‌ಪ್ರೆಸ್‌ಗೆ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ.

6. ನಡೆದೇ ಹೋಗಿ. ಸ್ಟೇಷನ್ ಎದುರಿನ ಕೋಟೆ ಬಾಗಿಲು ದಾಟಿ ಕ್ಯೋನಿಗ್‌ಸ್ಟ್ರಾಸೆ ಹಿಡಿಯಿರಿ. ಲೊರೆಂಜ್ ಚರ್ಚ್ ಕಳೆದು, ಪೆಗ್ನಿಟ್ಜ್ ನದಿಯ ಸೇತುವೆ ದಾಟಿದರೆ ಸಂತೆ ನಡೆಯುವ ಹೌಪ್ಟ್‌ಮಾರ್ಕ್ಟ್ ಚೌಕ. ಹದಿನೈದು ನಿಮಿಷ ಸಾಕು.

7. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಚೌಕದಲ್ಲಿರುವ ಫ್ರಾವೆನ್‌ಕಿರ್ಶೆ ಚರ್ಚಿನ ಮುಂದೆ ನಿಲ್ಲಿ. ಗಂಟೆ ಬಾರಿಸುತ್ತಿದ್ದಂತೆ ಗಡಿಯಾರದ ಕೆಳಗೆ ಏಳು ಗೊಂಬೆಗಳು ಹೊರಬಂದು ಸಿಂಹಾಸನದಲ್ಲಿ ಕೂತ ಚಕ್ರವರ್ತಿಗೆ ಸುತ್ತು ಬರುತ್ತವೆ. ಆತ ನಾಲ್ಕನೇ ಚಾರ್ಲ್ಸ್; ಏಳು ಗೊಂಬೆಗಳು ರಾಜನನ್ನು ಆರಿಸುವ ಹಕ್ಕಿದ್ದ ಏಳು ಪ್ರಭುಗಳು. ಆ ಹಕ್ಕನ್ನು 1356ರ ಸುವರ್ಣ ಶಾಸನ ಬರೆದಿಟ್ಟಿತು, ಗೊಂಬೆಗಳು ಬಂದದ್ದು 1509ರಲ್ಲಿ. ಇನ್ನೊಂದು ವಿಷಯವೂ ನಿಮಗೆ ಗೊತ್ತಿರಲಿ. ಈ ಚೌಕ ಮೊದಲು ಯಹೂದಿಗಳ ಕೇರಿಯಾಗಿತ್ತು. 1349ರಲ್ಲಿ ಅವರನ್ನು ಕೊಂದು, ಮನೆಗಳನ್ನು ಕೆಡವಿ, ಸಿನಗಾಗ್ ಇದ್ದ ಜಾಗದಲ್ಲೇ ಈ ಚರ್ಚ್ ಕಟ್ಟಿದರು. ಕೆಡವಲು ಅನುಮತಿ ಕೊಟ್ಟವನೂ ಇದೇ ಚಾರ್ಲ್ಸ್.

8. ಈಗ ಹೊಟ್ಟೆಗೆ. ಇಲ್ಲಿನ ಬ್ರಾಟ್‌ವುರ್ಸ್ಟ್ ಸಾಸೇಜ್ 7ರಿಂದ 9 ಸೆಂಟಿಮೀಟರ್ ಉದ್ದ, ಅಷ್ಟೇ. 'ಡ್ರೈ ಇಮ್ ವೆಗ್ಲಾ' ಎಂದು ಕೇಳಿ, ಬನ್ನಿನೊಳಗೆ ಮೂರು ಇಟ್ಟು ಕೊಡುತ್ತಾರೆ. ಅದು ಹಂದಿ ಮಾಂಸ. ತಿನ್ನದವರು ಕೇಳದೆ ಕೈಚಾಚಬೇಡಿ. ಸಸ್ಯಾಹಾರಿಗಳಿಗೆ ಸಿಹಿ ಸೇಬಿನ ಗೊಜ್ಜಿನ ಜೊತೆ ಆಲೂಗಡ್ಡೆ ತುರಿದು ಕರಿದ ತಟ್ಟುಗಳು, ಸಕ್ಕರೆ ಪಾಕ ಸುತ್ತಿದ ಬಾದಾಮಿ, ಸುಟ್ಟ ಚೆಸ್ಟ್‌ನಟ್ ಸಿಗುತ್ತವೆ. ಆಲೂ ತಟ್ಟಿನ ಹಿಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯ, ಅದನ್ನೂ ಕೇಳಿಕೊಳ್ಳಿ.

9. ಹೊತ್ತು ಮುಳುಗುವ ಮೊದಲೇ ಊರ ಮೇಲೆ ಕಾಣುವ ಕೋಟೆ ಹತ್ತಿ. ಡಿಸೆಂಬರ್‌ನಲ್ಲಿ ನಾಲ್ಕೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ದಾರಿಯಲ್ಲೇ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1509ರಿಂದ ಸಾಯುವವರೆಗೆ ಇದ್ದ ಮನೆ ಇದೆ. ಮೇಲಿಂದ ಕಾಣುವ ಕೆಂಪು ಹೆಂಚಿನ ಮಾಡುಗಳಲ್ಲಿ ಬಹುಪಾಲು 1945ರ ಜನವರಿ 2ರ ಬಾಂಬ್ ದಾಳಿಯ ನಂತರ ಮತ್ತೆ ಕಟ್ಟಿದವು.

10. ಕತ್ತಲಾದ ಮೇಲೆ ಸಂತೆಗೆ ಮರಳಿ. ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದ್ದ ಮರದ ಮಳಿಗೆಗಳಿಗೆ ದೀಪ ಹತ್ತಿರುತ್ತದೆ. ನನ್ನ ಮಟ್ಟಿಗೆ ಸಂತೆಯ ನಿಜವಾದ ಹೊತ್ತು ಇದೇ. ಒಣ ಪ್ಲಮ್ ಹಣ್ಣಿನಲ್ಲಿ ಮಾಡಿದ ಗೊಂಬೆಗಳನ್ನು ಹುಡುಕಿ ನೋಡಿ.

11. ಬಿಸಿಯಾಗಿ ಏನಾದರೂ ಕುಡಿಯಿರಿ. ಗ್ಲೂವೈನ್ ಮಸಾಲೆ ಹಾಕಿದ ಬಿಸಿ ವೈನ್. ಮದ್ಯ ಬೇಡದವರು 'ಕಿಂಡರ್‌ಪುನ್ಶ್' ಕೇಳಿ. ಹೇಳಿದ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ ಗಾಬರಿಯಾಗಬೇಡಿ, ಅದು ಕಪ್ಪಿನ ಠೇವಣಿ. ಕಪ್ಪು ವಾಪಸು ಕೊಟ್ಟರೆ ಹಣ ವಾಪಸು.

12. ಕೊನೆಯಲ್ಲಿ ಲೇಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತು ಕೊಳ್ಳಿ. ಮೊದಲೇ ಕೊಂಡರೆ ದಿನವಿಡೀ ಹೊರಬೇಕು. ದಾರದಲ್ಲಿ ನೇತುಹಾಕಿದ ಹೃದಯದಾಕಾರದವು ನೋಡಲಿಕ್ಕೆ ಚೆಂದ, ತಿನ್ನಲಿಕ್ಕಲ್ಲ. ಪೊಟ್ಟಣದ ಮೇಲೆ 'ಎಲೀಸನ್' ಎಂದಿರಬೇಕು: ಅದರಲ್ಲಿ ಕನಿಷ್ಠ ಶೇಕಡಾ 25 ಬಾದಾಮಿಯಂಥ ಬೀಜಗಳಿರಬೇಕು, ಹಿಟ್ಟು ಶೇಕಡಾ 10 ಮೀರಬಾರದು ಎಂಬ ನಿಯಮವಿದೆ. ಮೊಟ್ಟೆ ಇರುತ್ತದೆ, ಊರಿಗೆ ಒಯ್ಯುವವರು ಅಜ್ಜಿಗೆ ಮೊದಲೇ ಹೇಳಿಬಿಡಿ.

13. ಸ್ಟೇಷನ್‌ಗೆ ಹೊರಡಿ. ಸಂತೆ ರಾತ್ರಿ 9ರವರೆಗೆ, ಬಾಯರ್ನ್ ಟಿಕೆಟ್ ಮರುದಿನ ಬೆಳಗಿನ ಜಾವ 3ರವರೆಗೆ. ಆದರೂ ಕೊನೆಯ ರೈಲನ್ನು ನಂಬಿ ಕೂರಬೇಡಿ, ಅದಕ್ಕಿಂತ ಹಿಂದಿನದನ್ನೇ ಹಿಡಿಯಿರಿ.