ಮೊದಲ ಕೆಲಸ, ಮೊದಲ ಬಾಡಿಗೆ: ಒಂದು ಲೆಕ್ಕ

ನಮ್ಮ ತುಮಕೂರಿನಲ್ಲಿ ವಾಣಿಜ್ಯ ವಿಭಾಗ ಓದಿದವರಲ್ಲಿ ಹೆಚ್ಚಿನವರು ಬಿ.ಕಾಂ. ಮುಗಿದ ಮೇಲೆ ಕೆಲಸಕ್ಕೆ ನೋಡುವುದು ಬೆಂಗಳೂರಿನ ಕಡೆಗೇ. ಕೆಲಸ ಸಿಕ್ಕಿತು ಎಂದ ಕೂಡಲೇ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು?’, ಎರಡನೆಯದು ‘ಎಲ್ಲಿ ಇರುತ್ತೀಯ?’. ಮೊದಲನೆಯದಕ್ಕೆ ಕಂಪನಿಯ ಪತ್ರದಲ್ಲಿ ಉತ್ತರ ಇರುತ್ತದೆ. ಎರಡನೆಯದಕ್ಕೆ ನಾವೇ ಉತ್ತರ ಹುಡುಕಬೇಕು. ಎಷ್ಟೋ ಸಲ ಸಂಬಳದಲ್ಲಿ ಏನು ಉಳಿಯುತ್ತದೆ ಎಂಬುದು ಈ ಎರಡನೆಯ ಉತ್ತರದ ಮೇಲೆಯೇ ನಿಂತಿರುತ್ತದೆ. ನಾವು ತರಗತಿಯಲ್ಲಿ ಕಲಿಯುವ ವೆಚ್ಚದ ಪಾಠವನ್ನೇ ಇಲ್ಲಿ ಬಳಸಿ ನೋಡೋಣ.

ಕೈಗೆ ಬರುವುದು ಎಷ್ಟು?

ಸಂಬಳ 20,000 ರೂಪಾಯಿ, ಅದರಲ್ಲಿ ಮೂಲವೇತನ 12,000 ಎಂದುಕೊಳ್ಳೋಣ. ಭವಿಷ್ಯನಿಧಿಗೆ ಮೂಲವೇತನದ ಶೇ. 12, ಅಂದರೆ 1,440 ರೂಪಾಯಿ ಹೋಗುತ್ತದೆ. ಸಂಬಳ 21,000 ಮೀರದವರಿಗೆ ಇ.ಎಸ್.ಐ. ಇದೆ. ಅದಕ್ಕೆ ನೌಕರನ ಪಾಲು ಶೇ. 0.75, ಅಂದರೆ 150 ರೂಪಾಯಿ. ಕರ್ನಾಟಕದಲ್ಲಿ ವೃತ್ತಿ ತೆರಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಇಲ್ಲ. ಎಲ್ಲ ಕಳೆದು ಕೈಗೆ ಬರುವುದು 18,410. ಬಾಡಿಗೆಯ ಲೆಕ್ಕ ಶುರುವಾಗಬೇಕಾದದ್ದು ಈ ಸಂಖ್ಯೆಯಿಂದ, 20,000ದಿಂದ ಅಲ್ಲ.

ಮೂರು ದಾರಿಗಳು

ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ತಿಂಗಳಿಗೆ 26 ದಿನ ಎಂದುಕೊಳ್ಳಿ. ಕೆಳಗಿನ ಖರ್ಚುಗಳು ಲೆಕ್ಕ ಕಲಿಯಲು ನಾನು ಹಾಕಿದ ಊಹೆಯ ಸಂಖ್ಯೆಗಳು. ನಿಮ್ಮ ಸಮಯ ಬಂದಾಗ ವಿಚಾರಿಸಿ ನಿಜವಾದ ಸಂಖ್ಯೆ ಹಾಕಿಕೊಳ್ಳಿ.

ಒಂದು: ತುಮಕೂರಿನ ಮನೆಯಿಂದಲೇ ಓಡಾಟ. ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಆರ್.ವಿ. ರಸ್ತೆ, ಅಲ್ಲಿ ಇಳಿದು 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ. ಬಾಡಿಗೆ ಇಲ್ಲ. ಪ್ರಯಾಣಕ್ಕೆ ದಿನಕ್ಕೆ 180ರಂತೆ 4,680, ಹೊರಗಿನ ಊಟ ತಿಂಡಿಗೆ 1,500. ಒಟ್ಟು 6,180. ದಾರಿಯಲ್ಲಿ ದಿನಕ್ಕೆ 5 ಗಂಟೆ, ತಿಂಗಳಿಗೆ 130 ಗಂಟೆ.

ಎರಡು: ಆಫೀಸಿನ ಹತ್ತಿರ ಪಿ.ಜಿ. ಊಟ ಸೇರಿ 9,000. ತಿಂಗಳಿಗೆ ಎರಡು ಸಲ ಊರಿಗೆ ಬರಲು 600. ಒಟ್ಟು 9,600. ದಾರಿಯಲ್ಲಿ ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ 13 ಗಂಟೆ.

ಮೂರು: ಸ್ವಲ್ಪ ದೂರದಲ್ಲಿ ಮೂವರು ಸೇರಿ ಮನೆ. ಬಾಡಿಗೆ 15,000, ಒಬ್ಬರ ಪಾಲು 5,000. ಅಡುಗೆ, ಗ್ಯಾಸ್ 3,000. ಕರೆಂಟು, ನೀರು 300. ದಿನದ ಪ್ರಯಾಣ 60ರಂತೆ 1,560. ಊರಿಗೆ ಬರಲು 600. ಒಟ್ಟು 10,460. ದಾರಿಯಲ್ಲಿ ದಿನಕ್ಕೆ ಒಂದೂವರೆ ಗಂಟೆ, ತಿಂಗಳಿಗೆ 39 ಗಂಟೆ.

ಇಲ್ಲಿ ಮೊದಲ ಪಾಠ ಸಿಗುತ್ತದೆ. 5,000 ಬಾಡಿಗೆಯ ಮನೆ 9,000ದ ಪಿ.ಜಿ.ಗಿಂತ ದುಬಾರಿಯಾಯಿತು. ಬಾಡಿಗೆಯೊಂದನ್ನೇ ಹೋಲಿಸಿದರೆ ಇದು ಕಾಣುವುದಿಲ್ಲ. ಬಾಡಿಗೆ, ಊಟ, ಪ್ರಯಾಣ ಮೂರನ್ನೂ ಕೂಡಿಸಿಯೇ ಹೋಲಿಸಬೇಕು.

ಸಮಯದ ಬೆಲೆ

ಹಣ ಮಾತ್ರ ನೋಡಿದರೆ ಮನೆಯಿಂದ ಓಡಾಡುವುದೇ ಲಾಭ. ಪಿ.ಜಿ.ಗೆ ಅದಕ್ಕಿಂತ 3,420 ರೂಪಾಯಿ ಹೆಚ್ಚು. ಆದರೆ ಆ ಹಣಕ್ಕೆ ತಿಂಗಳಿಗೆ 117 ಗಂಟೆ ಉಳಿಯುತ್ತದೆ. ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 29 ರೂಪಾಯಿ. ಇದೇ ಉದ್ಯೋಗಿಯ ಒಂದು ಗಂಟೆಯ ದುಡಿಮೆಗೆ ಕೈಗೆ ಬರುವುದು, ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ, ಸುಮಾರು 88 ರೂಪಾಯಿ. ಅಂದರೆ 88 ರೂಪಾಯಿ ಬೆಲೆಯ ಗಂಟೆಯನ್ನು 29ಕ್ಕೆ ಮರಳಿ ಕೊಂಡಂತೆ. ಅರ್ಥಶಾಸ್ತ್ರದಲ್ಲಿ ಇದನ್ನೇ ಅವಕಾಶ ವೆಚ್ಚ ಎನ್ನುತ್ತೇವೆ.

ಆದರೆ ಆ ಗಂಟೆಗಳನ್ನು ಏನು ಮಾಡುತ್ತೇವೆ ಎಂಬುದೂ ಮುಖ್ಯ. ಸಿ.ಎ. ಅಥವಾ ಎಂ.ಕಾಂ. ಓದುವವರಿಗೆ, ಕಂಪ್ಯೂಟರ್ ಕೋರ್ಸ್ ಮಾಡುವವರಿಗೆ ಅದು ಬಂಡವಾಳ. ರಾತ್ರಿಯೆಲ್ಲ ಮೊಬೈಲ್ ನೋಡುವವರಿಗೆ 3,420 ರೂಪಾಯಿ ಬರೀ ಖರ್ಚು. ಹಾಗೆಯೇ ಮನೆಯಲ್ಲಿ ತಂಗಿಯ ಫೀಸು ಅಥವಾ ದಾದಿಯ ಔಷಧಿ ಆ ಹಣವನ್ನೇ ಕಾಯುತ್ತಿದ್ದರೆ ಮೊದಲ ಆರು ತಿಂಗಳು ರೈಲೇ ಸರಿಯಾದ ಉತ್ತರ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಕನ್ನಡದಲ್ಲಿ ಹೇಳುತ್ತಾರೆ. ನಮ್ಮ ಮನೆಗಳ ಉರ್ದುವಿನಲ್ಲಿ ಅದೇ ಮಾತು ಚಾದರಿನ ಲೆಕ್ಕದಲ್ಲಿದೆ. ಎರಡರ ಅರ್ಥವೂ ಒಂದೇ: ಅವರವರ ಅಳತೆ ಅವರವರಿಗೆ.

ಕೆಲಸ ಪೀಣ್ಯದಲ್ಲಿ ಸಿಕ್ಕರೆ ಈ ಲೆಕ್ಕವೇ ಬದಲಾಗುತ್ತದೆ. ಅದು ತುಮಕೂರು ರಸ್ತೆಯಲ್ಲೇ ಇರುವುದರಿಂದ ಮನೆಯಿಂದ ಓಡಾಡುವವರ ಸಮಯ ತುಂಬ ಉಳಿಯುತ್ತದೆ. ಆದ್ದರಿಂದ ಎರಡು ಕೆಲಸಗಳ ನಡುವೆ ಆರಿಸುವಾಗ ಸಂಬಳದ ಪಕ್ಕದಲ್ಲಿ ಜಾಗವನ್ನೂ ಬರೆದುಕೊಳ್ಳಿ.

ಮೊದಲ ತಿಂಗಳ ಬಂಡವಾಳ

ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಬಾಡಿಗೆ ಕೊಡಬೇಕಾದದ್ದು ಮೊದಲು. ಮೂರನೆಯ ದಾರಿಯಲ್ಲಿ ಐದು ತಿಂಗಳ ಅಡ್ವಾನ್ಸ್ ಕೇಳಿದರೆ 75,000, ಒಬ್ಬರ ಪಾಲು 25,000. ಮೊದಲ ಬಾಡಿಗೆ, ಪಾತ್ರೆ, ಸ್ಟೌ, ಹಾಸಿಗೆ ಸೇರಿದರೆ ಇನ್ನೂ ಹೆಚ್ಚು. ಅಡ್ವಾನ್ಸ್ ಖರ್ಚಲ್ಲ, ಲೆಕ್ಕಶಾಸ್ತ್ರದ ಪ್ರಕಾರ ಅದು ನಮ್ಮ ಆಸ್ತಿ, ಮರಳಿ ಬರುವ ಹಣ. ಆದರೆ ಇಂದು ಕೈಯಲ್ಲಿ ಇರಬೇಕಾದ ದುಡಿಯುವ ಬಂಡವಾಳವೂ ಹೌದು. ಇದಕ್ಕಾಗಿಯೇ ಅಮ್ಮಿಯ ಒಡವೆ ಅಡವಿಗೆ ಹೋಗುವುದು. ಪದವಿಯ ಮೂರು ವರ್ಷ ತಿಂಗಳಿಗೆ 500 ಎತ್ತಿಟ್ಟರೆ 18,000 ಆಗುತ್ತದೆ. ಬಡ್ಡಿಯ ಸಾಲ ಮುಟ್ಟದೆ ಪಿ.ಜಿ. ಸೇರಲು ಅಷ್ಟು ಬಹುಪಾಲು ಸಾಕು.

ಬೆಂಗಳೂರಿನಲ್ಲಿ ‘ಲೀಸ್’ ಎಂಬ ಪದ್ಧತಿಯೂ ಇದೆ. ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು. ಕೊಟ್ಟ ಸಾಲಕ್ಕೆ ಬಡ್ಡಿಯ ಬದಲು ಮನೆ ಬಳಸಿದಂತೆ ಆಗುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಒಪ್ಪುವ ಮೊದಲು ಆಲಿಮರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಕರಾರು ಪತ್ರ

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೋಂದಾಯಿಸಬೇಕು. ಅದನ್ನು ತಪ್ಪಿಸಲು ಈ 11 ತಿಂಗಳು. ಸಹಿ ಹಾಕುವ ಮುಂಚೆ ನಾಲ್ಕು ವಿಷಯ ಓದಿ: ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗ್ ಹೆಸರಿನಲ್ಲಿ ಎಷ್ಟು ಕಡಿತ, ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕು, ಬಾಡಿಗೆ ಏರಿಕೆ ಎಷ್ಟು. ಅಡ್ವಾನ್ಸ್ ಅನ್ನು ಬ್ಯಾಂಕ್ ಅಥವಾ ಯು.ಪಿ.ಐ. ಮೂಲಕವೇ ಕೊಡಿ, ದಾಖಲೆ ಉಳಿಯುತ್ತದೆ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಆದ್ದರಿಂದ ಕರೆಂಟು ಬಿಲ್ ಯಾರ ಹೆಸರಿನಲ್ಲಿ, ಮೀಟರ್ ಬೇರೆ ಇದೆಯೇ ಎಂದೂ ಕೇಳಿ.

ಲೆಕ್ಕದಲ್ಲಿ ಕಾಣದ ಬಾಬತ್ತುಗಳು

ಕೆಲವು ಸಂಗತಿಗಳಿಗೆ ರೂಪಾಯಿಯ ಕಾಲಂ ಇಲ್ಲ. ನಡೆದು ಹೋಗುವ ದೂರದಲ್ಲಿ ಮಸೀದಿ ಇದೆಯೇ, ಜುಮಾ ದಿನ ಊಟದ ಬಿಡುವಿನಲ್ಲಿ ಹೋಗಿ ಬರಬಹುದೇ? ರಂಜಾನ್ ತಿಂಗಳಲ್ಲಿ ಸಹರಿಗೆ ಪಿ.ಜಿ.ಯ ಅಡುಗೆಮನೆ ತೆರೆದಿರುತ್ತದೆಯೇ, ಇಲ್ಲವೇ ರಾತ್ರಿ ಬೀಗ ಬೀಳುತ್ತದೆಯೇ? ಇದನ್ನು ಸೇರುವ ದಿನವೇ ಕೇಳಬೇಕು, ರೋಜಾ ಶುರುವಾದ ಮೇಲಲ್ಲ.

ಇನ್ನೊಂದು ಮಾತು. ಹೆಸರು ಕೇಳಿದ ಮೇಲೆ ‘ಮನೆ ಆಗಲೇ ಕೊಟ್ಟಾಯಿತು’ ಎಂಬ ಉತ್ತರ ನಮ್ಮ ಸೀನಿಯರ್‌ಗಳಲ್ಲಿ ಹಲವರಿಗೆ ಸಿಕ್ಕಿದೆ. ಎಲ್ಲ ಮಾಲೀಕರೂ ಹೀಗಿಲ್ಲ. ಆದರೆ ಹೀಗಾದಾಗ ನೋವಿನ ಜೊತೆಗೆ ಒಂದು ದಿನದ ರಜೆ, ಓಡಾಟದ ಹಣವೂ ಹೋಗುತ್ತದೆ. ಅವರ ಸಲಹೆ ಇದು: ಮೊದಲ ಫೋನಿನಲ್ಲೇ ಹೆಸರು, ಊಟದ ಪದ್ಧತಿ ಹೇಳಿಬಿಡಿ, ಮನೆ ನೋಡುವ ಮೊದಲು ಟೋಕನ್ ಹಣ ಕಳಿಸಬೇಡಿ, ಮೊದಲ ತಿಂಗಳು ಪಿ.ಜಿ.ಯಲ್ಲಿದ್ದು ನಿಧಾನವಾಗಿ ಹುಡುಕಿ. ಅವಸರದಲ್ಲಿ ಹುಡುಕುವವರೇ ಹೆಚ್ಚು ಬಾಡಿಗೆ ಕೊಡುವುದು.

ಹೆಣ್ಣುಮಕ್ಕಳಿಗೆ

ನಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಇರುವ ಜಾಗದ ಪ್ರಶ್ನೆಯೇ ಕೆಲಸಕ್ಕೆ ಹೋಗಬಹುದೇ ಎಂಬುದನ್ನು ತೀರ್ಮಾನಿಸುತ್ತದೆ. ಪಿ.ಜಿ. ಗೇಟು ಎಷ್ಟಕ್ಕೆ ಮುಚ್ಚುತ್ತದೆ, ಶಿಫ್ಟ್ ಎಷ್ಟಕ್ಕೆ ಮುಗಿಯುತ್ತದೆ, ನಿಲ್ದಾಣದಿಂದ ಬಾಗಿಲಿನವರೆಗೆ ದೀಪ ಇದೆಯೇ ಎಂಬುದನ್ನು ಸಂಜೆ ಹೊತ್ತಿನಲ್ಲಿ ಹೋಗಿಯೇ ನೋಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಆದ್ದರಿಂದ ಬಸ್ಸಿನ ದಾರಿಯಲ್ಲಿ ಮನೆ ಸಿಕ್ಕರೆ ಪ್ರಯಾಣದ ಕಾಲಂ ಸೊನ್ನೆ ಆಗಬಹುದು. ಉದ್ಯೋಗಸ್ಥ ಮಹಿಳೆಯರಿಗಾಗಿ ಕೇಂದ್ರ ಸರ್ಕಾರದ ನೆರವಿನ ‘ಸಖಿ ನಿವಾಸ್’ ಹಾಸ್ಟೆಲ್‌ಗಳೂ ಇವೆ, ವಿಚಾರಿಸಿ.

ಅಬ್ಬಾ ಜೊತೆ ವಾದ ಮಾಡುವ ಬದಲು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ: ಖರ್ಚು ಇಷ್ಟು, ಉಳಿತಾಯ ಇಷ್ಟು, ಗೇಟು ಇಷ್ಟು ಗಂಟೆಗೆ, ವಾರ್ಡನ್ ನಂಬರ್ ಇದು. ಚಿಂತೆಗೆ ಉತ್ತರ ಕೊಡುವುದು ಮಾಹಿತಿ.

ಅಭ್ಯಾಸ

ನಿಮ್ಮ ಅಣ್ಣ, ಅಕ್ಕ ಅಥವಾ ಪರಿಚಯದ ಸೀನಿಯರ್ ಒಬ್ಬರ ಬಾಡಿಗೆ, ಊಟ, ಪ್ರಯಾಣ, ಸಮಯ, ಅಡ್ವಾನ್ಸ್ ಐದನ್ನೂ ಕೇಳಿ ಬರೆದುಕೊಳ್ಳಿ. ಮೇಲಿನ ಮೂರು ದಾರಿಗಳ ಪಕ್ಕದಲ್ಲಿ ನಾಲ್ಕನೆಯದಾಗಿ ಇಟ್ಟು ನೋಡಿ. ಒಂದು ಗಂಟೆಯನ್ನು ಅವರು ಎಷ್ಟಕ್ಕೆ ಕೊಳ್ಳುತ್ತಿದ್ದಾರೆ, ಅಥವಾ ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ಕಂಡುಹಿಡಿಯಿರಿ.