ರೆಂಡರ್ ಎಷ್ಟಕ್ಕೆ ನಿಂತಿತು?

ಬಸವ ಜಯಂತಿಯ ಸುತ್ತಮುತ್ತ ಮುಹೂರ್ತಗಳು ಒತ್ತೊತ್ತಾಗಿ ಬರುತ್ತವೆ. ಹೊಂಬಳದಲ್ಲಿ ಕುಳಿತು ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮಂಥವರಿಗೆ ಆಗ ಒಂದು ಕಂಪ್ಯೂಟರ್ ಸಾಲದು. ಇದ್ದಬದ್ದ ಕಂಪ್ಯೂಟರ್‌ಗಳನ್ನು ಕೇಬಲ್ಲಿನಲ್ಲಿ ಜೋಡಿಸಿ, ರಾತ್ರಿ ರೆಂಡರಿಗೆ ಹಚ್ಚಿ ಮಲಗುತ್ತೇವೆ. ಬೆಳಿಗ್ಗೆ ನೋಡಿದರೆ ಅದು ನಡುವೆಯೇ ನಿಂತಿರುತ್ತದೆ. ಇಂಥ ಬೆಳಗುಗಳು ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಅಂಕಿ ಕೇಳಿ. “ಅಣ್ಣಾರ, ರೆಂಡರ್ ನಿಂತೈತ್ರಿ” ಎಂದು ಹುಡುಗರು ಫೋನ್ ಮಾಡಿದಾಗ ನನ್ನ ಮೊದಲ ಪ್ರಶ್ನೆ: “ಎಷ್ಟಕ್ಕ ನಿಂತೈತಿ?” ಸೊನ್ನೆಗೇ ನಿಂತಿದ್ದರೆ ಆ ಕಂಪ್ಯೂಟರಿಗೆ ಫೈಲ್ ಸಿಕ್ಕಿಲ್ಲ. ಪ್ರತಿ ಸಲ ಅದೇ ಫ್ರೇಮಿಗೆ ನಿಂತರೆ ಅಲ್ಲಿರುವ ಕ್ಲಿಪ್ ಅಥವಾ ಎಫೆಕ್ಟನ್ನು ನೋಡಬೇಕು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತರೆ ಕೇಬಲ್, ಕಾವು, ಕರೆಂಟುಗಳ ಮೇಲೆ ಸಂಶಯಪಡಿ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕುವುದು ಎಲ್ಲಕ್ಕಿಂತ ಕಡೆಯ ಕೆಲಸ. ಬಹುತೇಕರು ಅದನ್ನೇ ಮೊದಲು ಮಾಡಿ ಅರ್ಧ ದಿನ ಕಳೆದುಕೊಳ್ಳುತ್ತಾರೆ.

2. ಡ್ರೈವ್ ಅಕ್ಷರವನ್ನು ನಂಬಬೇಡಿ. ಒಂದು ಕಂಪ್ಯೂಟರಿಗೆ ಝಡ್ ಡ್ರೈವ್ ಆಗಿರುವುದು ಪಕ್ಕದ್ದಕ್ಕೆ ವೈ ಡ್ರೈವ್ ಆಗಿರಬಹುದು. ಅಷ್ಟೇ ಅಲ್ಲ, ವಿಂಡೋಸಿನಲ್ಲಿ ಹೀಗೆ ಜೋಡಿಸಿದ ಅಕ್ಷರ ಲಾಗಿನ್ ಆದವರಿಗೆ ಮಾತ್ರ ಕಾಣುತ್ತದೆ. ಹಿನ್ನೆಲೆಯಲ್ಲಿ ಬೇರೆ ಖಾತೆಯಡಿ ಓಡುವ ರೆಂಡರ್ ಸರ್ವಿಸಿಗೆ ಕಾಣುವುದಿಲ್ಲ. ಫೈಲಿನ ದಾರಿಯನ್ನು ಕಂಪ್ಯೂಟರಿನ ಹೆಸರಿನಿಂದಲೇ ಆರಂಭಿಸಿ. ಹಂಚಿಕೊಂಡ ಫೋಲ್ಡರಿಗೆ ಓದುವ ಅನುಮತಿಯ ಜೊತೆ ಬರೆಯುವ ಅನುಮತಿಯೂ ಇರಲಿ.

3. ನೆಟ್‌ವರ್ಕ್ ಸ್ವಿಚ್ಚಿನ ದೀಪ ಮಿನುಗಿದರೆ ಕೇಬಲ್ ಸರಿ ಇದೆ ಎಂದಲ್ಲ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು. 100 ಮೆಗಾಬಿಟ್ಟಿಗೆ ನಾಲ್ಕೇ ಸಾಕು. ಇಲಿ ಕಡಿದೋ ಕ್ರಿಂಪಿಂಗ್ ಸಡಿಲಾಗಿಯೋ ಉಳಿದ ನಾಲ್ಕರಲ್ಲಿ ಒಂದು ತಂತಿ ಹೋದರೆ ಸಂಪರ್ಕ ಉಳಿದೇ ಇರುತ್ತದೆ, ವೇಗ ಮಾತ್ರ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 110 ಎಂಬಿ ಹೋಗುತ್ತಿದ್ದ ಕಡೆ ಹನ್ನೊಂದು ಎಂಬಿ ಹೋದರೆ ಫೋರ್‌ಕೆ ರೆಂಡರ್ ಸತ್ತೇ ಹೋಯಿತು ಅನ್ನಿಸುತ್ತದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿ. 100 ಎಂದಿದ್ದರೆ ಮೊದಲು ಕೇಬಲ್ ಬದಲಿಸಿ. ವೈಫೈ ಮೇಲೆ ರೆಂಡರ್ ಹಂಚುವುದನ್ನು ನಾನಂತೂ ಒಪ್ಪುವುದಿಲ್ಲ.

4. ಸೊನ್ನೆ ಕೆಬಿ ಫ್ರೇಮುಗಳನ್ನು ಹುಡುಕಿ. ಆಫ್ಟರ್ ಎಫೆಕ್ಟ್ಸಿನಲ್ಲಿ ಹಲವು ಕಂಪ್ಯೂಟರ್ ಸೇರಿ ಒಂದು ಟೈಟಲ್ ರೆಂಡರ್ ಮಾಡಬೇಕಾದರೆ ಔಟ್‌ಪುಟ್ ಬಿಡಿ ಚಿತ್ರಗಳ ಸಾಲಾಗಿರಬೇಕು. ಒಂದೇ ವಿಡಿಯೊ ಫೈಲನ್ನು ಹಂಚಲು ಬರುವುದಿಲ್ಲ. ಪ್ರತಿ ಕಂಪ್ಯೂಟರ್ ತಾನು ಹಿಡಿದ ಫ್ರೇಮಿನ ಹೆಸರಲ್ಲಿ ಮೊದಲು ಖಾಲಿ ಫೈಲ್ ಇಟ್ಟು ಕೆಲಸ ಶುರು ಮಾಡುತ್ತದೆ. ನಡುವೆ ಅದು ಹ್ಯಾಂಗ್ ಆದರೆ ಖಾಲಿ ಫೈಲ್ ಹಾಗೇ ಉಳಿಯುತ್ತದೆ, ಉಳಿದವು ‘ಇದು ಆಗಿದೆ’ ಎಂದು ದಾಟಿ ಹೋಗುತ್ತವೆ. ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿದರೆ ಸೊನ್ನೆಗಳೆಲ್ಲ ಒಂದೆಡೆ ಸಿಗುತ್ತವೆ. ಅವನ್ನು ಅಳಿಸಿ ಮತ್ತೆ ರೆಂಡರಿಗೆ ಹಚ್ಚಿ, ಉಳಿದಷ್ಟೇ ಆಗುತ್ತದೆ.

5. ನುಡಿ, ಬರಹ ಫಾಂಟುಗಳು ಎಲ್ಲ ಕಂಪ್ಯೂಟರಿನಲ್ಲೂ ಇರಲಿ. ಮುದ್ರಣ ಕಾಶಿ ಎನಿಸಿದ ಗದಗಿನಿಂದ ಲಗ್ನಪತ್ರಿಕೆಯ ಹೆಸರುಗಳು ಬರುವುದು ಹೆಚ್ಚಾಗಿ ಈ ಫಾಂಟುಗಳಲ್ಲೇ. ಫಾಂಟ್ ಇಲ್ಲದ ಕಂಪ್ಯೂಟರ್ ಸುಮ್ಮನೆ ನಿಲ್ಲುವುದಿಲ್ಲ, ವಧುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರೆದುಬಿಡುತ್ತದೆ. ಇದು ನಿಂತ ರೆಂಡರಿಗಿಂತ ಕೆಟ್ಟದ್ದು. ಯುನಿಕೋಡಿಗೆ ಬದಲಿಸಿ, ಇಲ್ಲವೇ ಹೆಸರನ್ನು ಪಿಎನ್‌ಜಿ ಚಿತ್ರ ಮಾಡಿಕೊಳ್ಳಿ.

6. ಔಟ್‌ಪುಟ್ ಫೈಲ್ ಪ್ರತಿ ಸಲ 4 ಜಿಬಿ ಹತ್ತಿರ ನಿಂತರೆ ಡಿಸ್ಕ್ ಫ್ಯಾಟ್32 ಇದೆಯೇ ನೋಡಿ. ಅದಕ್ಕಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಸೆಕೆಂಡಿಗೆ 50 ಮೆಗಾಬಿಟ್ಟಿನ ವಿಡಿಯೊ ಸುಮಾರು ಹನ್ನೊಂದು ನಿಮಿಷಕ್ಕೇ ಅಲ್ಲಿಗೆ ಮುಟ್ಟುತ್ತದೆ.

7. ಸ್ವಿಚ್ಚಿಗೂ ಯುಪಿಎಸ್ ಕೊಡಿ. ಕರೆಂಟ್ ಒಮ್ಮೆ ಕಣ್ಣು ಮಿಟುಕಿಸಿದರೂ ಕಂಪ್ಯೂಟರ್‌ಗಳು ಯುಪಿಎಸ್ ಮೇಲೆ ಉಳಿಯುತ್ತವೆ, ಗೋಡೆಯ ಪ್ಲಗ್ಗಿಗಿದ್ದ ಸ್ವಿಚ್ ಮಾತ್ರ ಆರಿ ಹೊತ್ತುತ್ತದೆ. ಅಷ್ಟರಲ್ಲಿ ಸಂಪರ್ಕ ಕಡಿದಿರುತ್ತದೆ.

8. ಇಷ್ಟೆಲ್ಲ ಸರಿಪಡಿಸಿದ ಮೇಲೂ, ಉದ್ದನೆಯ ಮದುವೆ ಫೈಲನ್ನು ನಾನು ಹೋಳು ಮಾಡಿ ಹಂಚುವುದಿಲ್ಲ. ಬದಲಿಗೆ ಒಂದೊಂದು ಶಾಸ್ತ್ರವನ್ನು ಬೇರೆ ಬೇರೆ ಫೈಲಾಗಿ ಇಡಿಯಾಗಿ ಕೊಡುತ್ತೇನೆ: ಅರಿಶಿಣ ಒಂದು ಕಂಪ್ಯೂಟರಿಗೆ, ಸುರಗಿ ಇನ್ನೊಂದಕ್ಕೆ, ಅಕ್ಕಿಕಾಳು ಮತ್ತೊಂದಕ್ಕೆ. ಕ್ಲಿಪ್ಪುಗಳನ್ನು ಆಯಾ ಕಂಪ್ಯೂಟರಿಗೇ ಕಾಪಿ ಮಾಡಿ, ಹತ್ತು ಸೆಕೆಂಡಿನ ತುಣುಕೊಂದನ್ನು ಪ್ರತಿಯೊಂದರಲ್ಲೂ ತೆಗೆದು ನೋಡಿ, ಸ್ಲೀಪ್ ಸೆಟ್ಟಿಂಗ್ ಬಂದ್ ಮಾಡಿ ರಾತ್ರಿಗೆ ಹಚ್ಚುತ್ತೇನೆ. ಒಂದು ನಿಂತರೂ ಉಳಿದೆರಡು ಬೆಳಿಗ್ಗೆ ಕೈಗೆ ಸಿಗುತ್ತವೆ.