ಜೀಪಿನ ಹಿಂದಿನ ಆಕ್ಸಲ್: ಸೀಲು, ಕೀ ಮತ್ತು ನಟ್ಟುಗಳ ಬದಲಾವಣೆ

ನಮ್ಮ ಸದಸ್ಯ ಬಾಂಧವರಲ್ಲಿ ಹಲವರ ಅಂಗಳದಲ್ಲಿ ಇಂದಿಗೂ ಹಳೆಯ ಜೀಪೊಂದು ನಿಂತಿರುತ್ತದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಆ ವಂಶದ ವಾಹನಗಳು ಮಲೆನಾಡಿನ ತೋಟಗಳಿಗೆ ಬಂದು ಇಲ್ಲಿಯವೇ ಆಗಿಹೋದವು. ಹೊಸ ಪಿಕಪ್ಪುಗಳು ಬಂದಿದ್ದರೂ ತೋಟದಿಂದ ಕಣಕ್ಕೆ ಹಣ್ಣು ಕಾಫಿ, ಹಸಿ ಅಡಿಕೆ ಸಾಗಿಸಲು ಜೀಪನ್ನೇ ನಂಬಿದವರು ಕಡಿಮೆಯಿಲ್ಲ. ಇಂಜಿನ್ನಿನ ಸದ್ದು ಸ್ವಲ್ಪ ಬದಲಾದರೂ ಗ್ಯಾರೇಜಿಗೆ ಓಡುವ ನಾವು ಹಿಂದಿನ ಆಕ್ಸಲಿನ ಕಡೆ ಬಗ್ಗಿ ನೋಡುವುದು ಅಪರೂಪ. ಅಲ್ಲಿರುವ ಮೂರು ನಾಲ್ಕು ಸಣ್ಣ ಸಾಮಾನುಗಳ ಬೆಲೆ ಅತ್ಯಲ್ಪ. ಅವು ಕೆಟ್ಟಾಗ ಆಗುವ ಹಾನಿ ಅಲ್ಪವಲ್ಲ. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ಬಿಡುವಿನಲ್ಲಿ ಈ ಕೆಲಸ ಮಾಡಿಸಿಕೊಳ್ಳುವುದು ಸೂಕ್ತವೆಂದು ಈ ಪಾಠವನ್ನು ಕೊಡುತ್ತಿದ್ದೇವೆ.

ಮೊದಲಿಗೆ ನಿಮ್ಮ ಜೀಪಿನ ಆಕ್ಸಲ್ ಯಾವ ಬಗೆಯದೆಂದು ತಿಳಿಯಬೇಕು. ಹಿಂದಿನ ಚಕ್ರದ ನಡುವಿನ ತಗಡಿನ ಮುಚ್ಚಳ ತೆಗೆಯಿರಿ. ಒಳಗೆ ಕಿರೀಟದಂತೆ ಗಾಡಿ ಬಿಟ್ಟ ಒಂದೇ ದೊಡ್ಡ ನಟ್ಟು, ಅದರ ಅಡ್ಡಕ್ಕೆ ಸ್ಪ್ಲಿಟ್ ಪಿನ್ನು ಕಂಡರೆ ಈ ಲೇಖನ ನಿಮಗಾಗಿ. ಸುತ್ತಲೂ ಸಣ್ಣ ಬೋಲ್ಟುಗಳಿರುವ ತಟ್ಟೆ ಕಂಡರೆ ಅದು ಬೇರೆ ಜಾತಿ. ಇಲ್ಲಿ ಹೇಳುವ ಬಿಚ್ಚುವ ಕ್ರಮ ಅದಕ್ಕೆ ಹೊಂದುವುದಿಲ್ಲ.

ನಟ್ಟಿನ ಬಗೆಯಲ್ಲಿ ಆಕ್ಸಲ್ ಶಾಫ್ಟಿನ ಹೊರತುದಿ ಕ್ರಮೇಣ ಸಣ್ಣದಾಗುತ್ತ ಬರುತ್ತದೆ. ಆ ಓರೆಯ ಮೇಲೆ ಹಬ್ಬು ಬಿಗಿಯಾಗಿ ಕೂರುತ್ತದೆ. ಎರಡರ ನಡುವೆ ಉಕ್ಕಿನ ಚಿಕ್ಕ ತುಂಡೊಂದು ಇರುತ್ತದೆ. ಅದನ್ನೇ ಕೀ ಎನ್ನುತ್ತಾರೆ. ಹೊರಗಿನಿಂದ ನಟ್ಟು ಇವೆಲ್ಲವನ್ನೂ ಒತ್ತಿ ಹಿಡಿಯುತ್ತದೆ. ಹಬ್ಬಿನ ಒಳಬದಿಗೆ ಬೇರಿಂಗು, ಅದರ ಆಚೀಚೆ ಎರಡು ಎಣ್ಣೆ ಸೀಲುಗಳು. ಒಳಸೀಲು ಡಿಫರೆನ್ಷಿಯಲಿನ ಗೇರ್ ಎಣ್ಣೆಯನ್ನು ತಡೆಯುತ್ತದೆ. ಹೊರಸೀಲು ಬೇರಿಂಗಿನ ಗ್ರೀಸು ಬ್ರೇಕಿನ ಮೇಲೆ ಬೀಳದಂತೆ ಕಾಯುತ್ತದೆ. ಇದು ಜೀಪಿಗಷ್ಟೇ ಇರುವ ಏರ್ಪಾಡಲ್ಲ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನ ಹಿಂದಿನ ಹಬ್ಬು ಕೂಡ ಇದೇ ರೀತಿ ಓರೆಯ ಮೇಲೆ ಕೀ ಸಮೇತ ಕೂತಿರುತ್ತದೆ. ಅದನ್ನು ಇಟ್ಟುಕೊಂಡವರಿಗೂ ಹಬ್ಬು ಬಿಡಿಸುವುದೇ ದೊಡ್ಡ ತಲೆನೋವು.

ಸೀಲು ಹೋಗಿರುವುದಕ್ಕೆ ಗುರುತು ಚಕ್ರದ ಒಳಮೈಯಲ್ಲಿ ಹರಿದ ಕಪ್ಪು ಜಿಡ್ಡು. ಆದರೆ ಜಿಡ್ಡು ಕಂಡೊಡನೆ ಸೀಲಿನ ಮೇಲೆ ತಪ್ಪು ಹೊರಿಸಬಾರದು. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಎಣ್ಣೆ ಮಂದವಾಗಿದ್ದು ಗಂಧಕದ ವಾಸನೆ ಹೊಡೆಯುತ್ತದೆ. ಬ್ರೇಕ್ ಆಯಿಲ್ ನೀರಿನಂತೆ ತೆಳು, ಬಣ್ಣ ಕಿತ್ತುಬರುವಂತೆ ಮಾಡುತ್ತದೆ. ಎರಡನೆಯದಾದರೆ ಸೋರುತ್ತಿರುವುದು ಬ್ರೇಕಿನ ವೀಲ್ ಸಿಲಿಂಡರು. ಅದನ್ನು ಸರಿಪಡಿಸುವವರೆಗೆ ಜೀಪು ಅಂಗಳ ಬಿಟ್ಟು ಕದಲಬಾರದು.

ಈಗ ಮುಖ್ಯ ವಿಷಯ. ಸೀಲು ಸವೆದು ಹೋಗುವುದು ಸಹಜ. ಆದರೆ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ ಅದನ್ನು ಕೆಡಿಸುವ ಕಾರಣ ಬೇರೆಲ್ಲೋ ಇದೆ. ನಮ್ಮ ಸದಸ್ಯರೊಬ್ಬರ ಜೀಪಿಗೆ ಒಂದೇ ಮಳೆಗಾಲದಲ್ಲಿ ಮೂರು ಸಲ ಸೀಲು ಹಾಕಲಾಯಿತು. ಮೂರನೆಯ ಸಲ ಅವರ ಡ್ರೈವರನೇ ಆಕ್ಸಲ್ ಕೊಳವೆಯ ಮೇಲಿರುವ ಗಾಳಿಕಿಂಡಿಯನ್ನು ತಂತಿಯಿಂದ ಚುಚ್ಚಿ ನೋಡಿದ. ಕಣಜದ ಹುಳು ಅದರೊಳಗೆ ಮಣ್ಣಿನ ಗೂಡು ಕಟ್ಟಿ ಬಂದೋಬಸ್ತು ಮಾಡಿಕೊಂಡಿತ್ತು.

ಈ ಕಿಂಡಿಗೆ ಗ್ಯಾರೇಜಿನವರು ಬ್ರೀದರ್ ಎನ್ನುತ್ತಾರೆ. ಓಡುವಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಎಣ್ಣೆಯನ್ನು ಸೀಲಿನ ಮೂಲಕ ಹೊರದೂಡುತ್ತದೆ. ಬಿಸಿಯಾದ ಆಕ್ಸಲ್ ಹಳ್ಳಕ್ಕೆ ಇಳಿದು ಥಟ್ಟನೆ ತಣ್ಣಗಾದರೆ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅಂಥ ಎಣ್ಣೆಯನ್ನು ಪೂರ್ತಿ ಇಳಿಸಿ ಹೊಸದನ್ನು ಹಾಕಬೇಕು.

ಎಣ್ಣೆ ಹೆಚ್ಚಾದರೂ ಸೋರುತ್ತದೆ. ಜೀಪು ಸಮನೆಲದ ಮೇಲಿರುವಾಗ ಎಣ್ಣೆ ಹೊಯ್ಯುವ ತೂತಿನ ಕೆಳಅಂಚಿಗೆ ಮುಟ್ಟಿದರೆ ಸಾಕು. ಬೇರಿಂಗಿಗೆ ಗ್ರೀಸ್ ನಿಪ್ಪಲ್ ಇರುವ ಮಾದರಿಗಳಲ್ಲಿ ಗನ್ನಿನಿಂದ ಬೇಕಾಬಿಟ್ಟಿ ಗ್ರೀಸು ತುಂಬಿದರೆ ಅದು ಹೊರಸೀಲನ್ನು ದಾಟಿ ನೇರ ಬ್ರೇಕ್ ಲೈನರಿಗೆ ಹೋಗುತ್ತದೆ. ಜಾಸ್ತಿ ಗ್ರೀಸು ಹೊಡೆದರೆ ಜಾಸ್ತಿ ಬಾಳಿಕೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇನ್ನು ಬೇರಿಂಗು ಸಡಿಲವಾಗಿದ್ದರೆ ಶಾಫ್ಟು ಅಲುಗಾಡಿ ಸೀಲಿನ ತುಟಿಯನ್ನು ತಿನ್ನುತ್ತದೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕಟಕ ಎಂದರೆ ಸೀಲಿನ ಜೊತೆಗೆ ಬೇರಿಂಗಿಗೂ ಹಣ ಎತ್ತಿಡಿ.

ಬಿಚ್ಚುವಾಗ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಆಮೇಲೆ ಜಾಕಿ ಕೊಟ್ಟು, ಆಕ್ಸಲಿನ ಅಡಿಗೆ ಗಟ್ಟಿ ಮರದ ದಿಮ್ಮಿ ಇಟ್ಟು ಚಕ್ರ ತೆಗೆಯಿರಿ. ಇಲ್ಲಿ ಒಂದು ಎಚ್ಚರಿಕೆ. ಹಳೆಯ ಮಾದರಿಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರದಲ್ಲಿರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿರುತ್ತದೆ. ಒಂದು ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಅದು ತಾನೇ ತಿರುಗಿ, ನೆಲದ ಮೇಲಿನ ಇನ್ನೊಂದು ಚಕ್ರವನ್ನು ಉರುಳಲು ಬಿಟ್ಟುಬಿಡುತ್ತದೆ. ಹ್ಯಾಂಡ್ ಬ್ರೇಕು ಎಳೆದಿದ್ದೇವೆ, ಗೇರಿನಲ್ಲಿದೆ ಎಂದು ಧೈರ್ಯದಿಂದ ಕೆಳಗೆ ನುಸುಳಬೇಡಿ. ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡುವುದು ಕಡ್ಡಾಯ.

ಹಬ್ಬು ಮತ್ತು ಡ್ರಮ್ಮು ಒಟ್ಟಿಗೇ ಹೊರಬರಬೇಕು. ಅದಕ್ಕೆ ಪುಲ್ಲರ್ ಬೇಕೇ ಬೇಕು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯುವ ಪದ್ಧತಿಯನ್ನು ನಿಲ್ಲಿಸಬೇಕು. ಥ್ರೆಡ್ಡು ಹಾಳಾಗುವುದಲ್ಲದೆ ಪೆಟ್ಟು ಶಾಫ್ಟಿನ ಮೂಲಕ ಬೇರಿಂಗಿಗೂ ಡಿಫರೆನ್ಷಿಯಲಿಗೂ ತಲಪುತ್ತದೆ. ನಟ್ಟನ್ನು ಪೂರ್ತಿ ಕಳಚದೆ ಕೆಲವು ಸುತ್ತು ಉಳಿಸಿರಿ. ಓರೆ ಬಿಡುವಾಗ ಹಬ್ಬು ಗುಂಡಿನಂತೆ ಹಾರುವುದುಂಟು. ಬ್ರೇಕ್ ಪ್ಲೇಟಿನ ಹಿಂದಿನ ತೆಳು ಶಿಮ್ಮುಗಳನ್ನು ಎಡದವು ಎಡಕ್ಕೆ, ಬಲದವು ಬಲಕ್ಕೆ ಎಂದು ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಬೇರಿಂಗಿನ ಬಿಗಿತ ನಿಂತಿರುವುದು ಅವುಗಳ ಲೆಕ್ಕದ ಮೇಲೆ. ಬೇರಿಂಗನ್ನೇ ಬದಲಾಯಿಸಿದಾಗ ಮಾತ್ರ ಹೊಸದಾಗಿ ಅಳೆಯಬೇಕು. ಅದು ಗೇಜು ಇರುವ ಮೆಕ್ಯಾನಿಕ್ಕನ ಕೆಲಸ.

ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯಕಾರಿ. ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ನೀರಿನಲ್ಲಿ ನೆನೆಸಿ ಒರೆಸಿರಿ.

ಹೊಸ ಸೀಲು ಹಾಕುವ ಮೊದಲು ಅದು ಉಜ್ಜುವ ಜಾಗವನ್ನು ಉಗುರಿನಿಂದ ಅಡ್ಡ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಎಂಥ ಒಳ್ಳೆಯ ಸೀಲೂ ನಿಲ್ಲದು; ಲೇತಿನವರಲ್ಲಿ ತೆಳು ಸ್ಲೀವು ಹಾಕಿಸಬೇಕು. ಸ್ಪ್ರಿಂಗು ಇರುವ ತುಟಿ ಯಾವಾಗಲೂ ತಡೆಯಬೇಕಾದ ಎಣ್ಣೆಯ ಅಥವಾ ಗ್ರೀಸಿನ ಕಡೆಗೆ. ಅಂದರೆ ಒಳಸೀಲಿನ ತುಟಿ ಡಿಫರೆನ್ಷಿಯಲ್ ಕಡೆಗೆ, ಹೊರಸೀಲಿನದು ಬೇರಿಂಗ್ ಕಡೆಗೆ. ತುಟಿಗೆ ಎಣ್ಣೆ ಸವರಿ, ಸೀಲಿನ ಹೊರ ಅಳತೆಯ ಪೈಪಿನ ತುಂಡು ಇಟ್ಟು ನೇರವಾಗಿ ಕೂರಿಸಿ. ಶಾಫ್ಟಿನ ಕೀ ಗಾಡಿಯ ಅಂಚು ಹೊಸ ತುಟಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಸೀಲು ಅದನ್ನು ದಾಟುವಾಗ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ತುಂಡನ್ನು ಸುತ್ತಿಕೊಳ್ಳಿ.

ಇನ್ನು ಕೀ ಮತ್ತು ನಟ್ಟು. ಕೀಯ ಮೈ ಜಜ್ಜಿದ್ದರೆ ಹೊಸದು ಹಾಕಿ. ಓರೆಯ ಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಗ್ರೀಸು ಹಚ್ಚದೆ ಕೂರಿಸಬೇಕು. ಎಳೆತವನ್ನು ತಡೆಯುವುದು ಆ ಓರೆಯ ಹಿಡಿತ, ಕೀ ಕೇವಲ ಜೊತೆಗಾರ. ಹಳೆಯ ಕೈಪಿಡಿಯಲ್ಲಿ ಈ ನಟ್ಟಿಗೆ ಹೇಳಿರುವ ಬಿಗಿತ ಕನಿಷ್ಠ 150 ಅಡಿ-ಪೌಂಡು. ಅಳೆಯುವ ಪಾನ ಇಲ್ಲದವರು 3 ಅಡಿ ಉದ್ದದ ಪೈಪಿನ ತುದಿಯಲ್ಲಿ 23 ಕಿಲೊ ತೂಕದಷ್ಟು ಒತ್ತಿದರೆ ಅಷ್ಟಾಗುತ್ತದೆ. ಪಿನ್ನಿನ ತೂತು ನೇರಕ್ಕೆ ಬರದಿದ್ದರೆ ಮುಂದಿನ ಗಾಡಿಯವರೆಗೆ ಇನ್ನಷ್ಟು ಬಿಗಿಮಾಡಿ; ಹಿಂದಕ್ಕೆ ಸಡಿಲಿಸಬಾರದು. ಹಳೆಯ ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಮತ್ತೆ ಹಾಕುವುದನ್ನು ಕಂಡಿದ್ದೇವೆ. ಅಷ್ಟು ಉಳಿತಾಯ ಯಾರಿಗೂ ಬೇಡ.

ನಟ್ಟು ಸಡಿಲವಾದರೆ ಹಬ್ಬು ಓರೆಯ ಮೇಲೆ ಆಡತೊಡಗಿ ಒಂದು ದಿನ ಕೀಯನ್ನು ಕತ್ತರಿಸುತ್ತದೆ. ಮೂಟೆ ಹೇರಿಕೊಂಡು, ಮೇಲೆ ಆಳುಗಳನ್ನು ಕೂರಿಸಿಕೊಂಡು ಏರು ಹತ್ತುವಾಗಲೇ ಎಳೆತ ಹೆಚ್ಚು, ಕತ್ತರಿಸುವುದೂ ಆಗಲೇ. ಆ ಕ್ಷಣದಲ್ಲಿ ಇಂಜಿನ್ನಿನ ಎಳೆತ ತಪ್ಪುತ್ತದೆ, ಜೀಪು ಹಿಂದಕ್ಕೆ ಸರಿಯುತ್ತದೆ. ಡ್ರೈವರು ಹ್ಯಾಂಡ್ ಬ್ರೇಕು ಎಳೆದರೆ ಜಾಕಿ ಕೊಟ್ಟಾಗ ಆದದ್ದೇ ಆಗುತ್ತದೆ: ಪ್ರೊಪೆಲ್ಲರ್ ಶಾಫ್ಟು ನಿಲ್ಲುತ್ತದೆ, ಚಕ್ರ ನಿಲ್ಲುವುದಿಲ್ಲ. ಉಳಿಯುವುದು ಕಾಲಿನ ಬ್ರೇಕು ಒಂದೇ. ಸೋರಿದ ಎಣ್ಣೆ ಅದರ ಲೈನರಿಗೂ ತಾಗಿದ್ದರೆ ಮುಂದಿನದನ್ನು ನಾವು ಬರೆಯಬೇಕಾಗಿಲ್ಲ. ಆದ್ದರಿಂದ ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕಬೇಡಿ. ಹೊಸದು ಹಾಕಿ, ಎರಡೂ ಚಕ್ರಗಳಿಗೆ ಹಾಕಿ. ಒಂದೇ ಬದಿಗೆ ಹಾಕಿದರೆ ಬ್ರೇಕು ಒಂದು ಕಡೆಗೆ ಎಳೆಯುತ್ತದೆ.

ಜೋಡಿಸಿದ ಮೇಲೆ ಹತ್ತು ಹದಿನೈದು ಕಿಲೋಮೀಟರು ಓಡಿಸಿ ಹಬ್ಬನ್ನು ಮುಟ್ಟಿ ನೋಡಿ. ಬೆಚ್ಚಗಿರಬಹುದು, ಕೈ ಇಡಲಾರದಷ್ಟು ಸುಟ್ಟರೆ ಬೇರಿಂಗು ಅತಿ ಬಿಗಿಯಾಗಿದೆ ಅಥವಾ ಬ್ರೇಕು ಹಿಡಿದುಕೊಂಡಿದೆ. ಮೊದಲ 50 ಕಿಲೋಮೀಟರಿನ ನಂತರ ಪಿನ್ನು ತೆಗೆದು ನಟ್ಟಿನ ಬಿಗಿತವನ್ನು ಇನ್ನೊಮ್ಮೆ ನೋಡಿ, ಹೊಸ ಪಿನ್ನು ಹಾಕಿ. ಬ್ರೀದರನ್ನು ತಿಂಗಳಿಗೊಮ್ಮೆ ತಂತಿ ಹಾಕಿ ಬಿಡಿಸುವ ಕೆಲಸವನ್ನು ಡ್ರೈವರಿಗೆ ವಹಿಸಿ.

ಹಬ್ಬು ಎಳೆಯುವ ಪುಲ್ಲರ್ ಒಂದನ್ನು ಸಂಘದ ಕಚೇರಿಯಲ್ಲಿ ಇರಿಸಲಾಗಿದೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು; ಮೂರು ದಿನದೊಳಗೆ, ಥ್ರೆಡ್ಡಿಗೆ ಎಣ್ಣೆ ಸವರಿ ಹಿಂತಿರುಗಿಸತಕ್ಕದ್ದು.